ಡಿಲೀಟ್ ಆಗದ ಕ್ರೋಮ್

ಕಳೆದ ವಾರ ಒಂದು ಸೆಕೆಂಡ್ ಹ್ಯಾಂಡ್ ಕಾರಿನ ಜಾಹೀರಾತು ನೋಡಿದೆ. "ಸಿಂಗಲ್ ಓನರ್, ಇನ್ಶೂರೆನ್ಸ್ ಇದೆ, ಕ್ರೋಮ್ ಪೂರ್ತಿ ತೆಗೆಸಿ ಡಿಲೀಟ್ ಮಾಡಲಾಗಿದೆ." ತೆಗೆಸಿದ್ದೂ ಆಯಿತು, ಮೇಲೆ ಡಿಲೀಟ್ ಬೇರೆ. ಫೋಟೊ ದೊಡ್ಡದು ಮಾಡಿ ನೋಡಿದರೆ ಕಿಟಕಿ ಸುತ್ತ ಕಪ್ಪು ವಿನೈಲ್, ಅಂದರೆ ಪ್ಲಾಸ್ಟಿಕ್ ಹಾಳೆ, ಅಂಟಿಸಿದ್ದಾರೆ. ಹಿಂಬಾಗಿಲ ಮೂಲೆಯಲ್ಲಿ ಅದು ಎದ್ದಿದೆ. ಅದರ ಸಂದಿಯಿಂದ, ತೆಗೆಸಿದ್ದಾರೆ ಎನ್ನಲಾದ, ಬೆಳ್ಳಿಯ ಹಾಗೆ ಹೊಳೆಯುವ ಕ್ರೋಮ್ ಇಣುಕಿ ನೋಡ್ತಾ ಇದೆ. ಈ ತಿಂಗಳು ನಾನು ನೋಡಿದ ಇಂಥ ಜಾಹೀರಾತು ಇದು ನಾಲ್ಕನೆಯದು. ಸಾಕಾಯ್ತು.

ಕ್ರೋಮ್ ಡಿಲೀಟ್ ಎಂದರೆ ಏನು ಅಂತ ಕಾರಿನ ಹುಚ್ಚು ಇರುವವರಿಗೆ ವಿವರಿಸಬೇಕಾಗಿಲ್ಲ. ಕಿಟಕಿಯ ಪಟ್ಟಿ, ಗ್ರಿಲ್, ಡಿಕ್ಕಿ ಮೇಲಿನ ಪಟ್ಟಿ, ಹೀಗೆ ಹೊಳೆಯುವ ಕಡೆಗೆಲ್ಲ ಕಪ್ಪು ವಿನೈಲ್ ಹಾಳೆ ಹೊದಿಸೋದು. ಕ್ರೋಮ್ ಎಲ್ಲಿತ್ತೋ ಅಲ್ಲೇ ಇರುತ್ತದೆ. ಹಾಳೆ ಕಿತ್ತರೆ ಮತ್ತೆ ಹೊಳೆಯುತ್ತದೆ. ಕೆಲಸದ ಬಗ್ಗೆ ನನಗೇನೂ ತಕರಾರಿಲ್ಲ. ತಕರಾರು ಇರೋದು ಆ ಎರಡನೆಯ ಪದದ ಮೇಲೆ.

ಕಾರಿನ ವ್ಯಾಪಾರಕ್ಕೆ 'ಡಿಲೀಟ್' ಬಂದಿದ್ದು ಕಂಪ್ಯೂಟರ್ ಕೀಬೋರ್ಡಿನಿಂದ ಅಂತ ಬಹಳ ಜನ ತಿಳಿದುಕೊಂಡಿದ್ದಾರೆ. ಅಲ್ಲ. ಅಮೆರಿಕದ ಕಾರು ಕಂಪನಿಗಳ ಆರ್ಡರ್ ಫಾರಂನಲ್ಲಿ ಅದು 1960ರ ದಶಕದಲ್ಲೇ ಇತ್ತು. ಕಾರಿನ ಜೊತೆ ಬರಬೇಕಾದ ವಸ್ತು ಬೇಡ ಅಂದರೆ ಅದು ಡಿಲೀಟ್. ರೇಡಿಯೊ ಬೇಡವೇ? ರೇಡಿಯೊ ಡಿಲೀಟ್. ಹೀಟರ್ ಬೇಡವೇ? ಹೀಟರ್ ಡಿಲೀಟ್. 1967ರ ಷೆವರ್ಲೆ ಕಾರ್ವೆಟ್‌ನಲ್ಲಿ ಎಲ್88 ಅನ್ನುವ ರೇಸ್ ಎಂಜಿನ್ ಬೇಕು ಅಂದರೆ ರೇಡಿಯೊ, ಹೀಟರ್ ಎರಡೂ ಸಿಗುತ್ತಿರಲಿಲ್ಲ. ಇಲ್ಲ ಅಂದರೆ ನಿಜವಾಗಿಯೂ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿ ರೇಡಿಯೊ ಕೂರಬೇಕಾದ ಜಾಗ ಖಾಲಿ ಕಾಣಬಾರದು ಅಂತ ಒಂದು ತಗಡು ಮುಚ್ಚುತ್ತಿದ್ದರು. ಆ ತಗಡಿಗೂ 'ರೇಡಿಯೊ ಡಿಲೀಟ್ ಪ್ಲೇಟ್' ಅಂತಲೇ ಹೆಸರು. ಇಲ್ಲಿ ಸ್ವಲ್ಪ ನಿಲ್ಲಿ. ಒಳಗೆ ಏನೂ ಇಲ್ಲ ಅಂತ ಮುಚ್ಚಿದ್ದು ಆ ಪ್ಲೇಟ್. ಒಳಗೆ ಎಲ್ಲ ಇದ್ದರೂ ಮುಚ್ಚೋದು ನಮ್ಮ ವಿನೈಲ್. ಎರಡಕ್ಕೂ ಒಂದೇ ಪದ!

ಮಫ್ಲರ್ (ಸೈಲೆನ್ಸರ್) ಡಿಲೀಟ್, ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಡಿಲೀಟ್ ಅನ್ನೋವೂ ಇವೆ. ಅದು ಕಾನೂನಿಗೆ ವಿರುದ್ಧ, ಕಿವಿಗೆ ಹಿಂಸೆ, ಗಾಳಿಗೆ ವಿಷ. ಆದರೂ ಪದದ ಮಟ್ಟಿಗೆ ಅವು ಪ್ರಾಮಾಣಿಕ, ಯಾಕೆಂದರೆ ಅಲ್ಲಿ ಕತ್ತರಿಸಿ ಎಸೆದಿರುತ್ತಾರೆ.

ಲ್ಯಾಟಿನ್‌ನಲ್ಲಿ 'ಡೆಲೇರೆ' ಅಂದರೆ ಒರೆಸಿ ಹಾಕು, ನಾಶ ಮಾಡು. ಇದರ ಇನ್ನೊಂದು ಸಂತಾನ ನಿಮ್ಮ ಬೆರಳಿನ ಮೇಲೇ ಬಂದು ಹೋಗಿದೆ: ಮತ ಹಾಕಿದಾಗ ಹಚ್ಚುವ 'ಇಂಡೆಲಿಬಲ್' ಇಂಕ್. ಡಿಲೀಟ್ ಆಗದ್ದು ಅಂತ ಅರ್ಥ. ದೇಶಕ್ಕೆಲ್ಲ ಆ ಶಾಯಿ ಹೋಗೋದು ಮೈಸೂರಿನಿಂದ, ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಿಂದ. ಹಾಗೆ ನೋಡಿದರೆ ಕಾರಿನ ಕ್ರೋಮ್‌ಗೆ ಸರಿಯಾದ ಹೆಸರು ಇಂಡೆಲಿಬಲ್ ಕ್ರೋಮ್. ಎಷ್ಟು ಸಲ 'ಡಿಲೀಟ್' ಮಾಡಿದರೂ ವಾಪಸ್ ಬರುತ್ತದೆ.

ಈಗ ಮೊದಲ ಪದ. ಇದು ಇನ್ನೂ ಮಜವಾಗಿದೆ.

ಗ್ರೀಕ್‌ನಲ್ಲಿ 'ಕ್ರೋಮ' ಅಂದರೆ ಬಣ್ಣ. ಹೊಳಪು ಅಂತಲೂ ಅಲ್ಲ, ಬೆಳ್ಳಿ ಅಂತಲೂ ಅಲ್ಲ, ಸುಮ್ನೆ ಬಣ್ಣ. ಪಿಯುಸಿಯಲ್ಲಿ ಬಯಾಲಜಿ ಓದಿದವರು ನೆನಪಿಸಿಕೊಳ್ಳಿ. ಕ್ರೋಮೋಸೋಮ್‌ಗೆ ಕನ್ನಡ ಪಠ್ಯದಲ್ಲಿ 'ವರ್ಣತಂತು' ಅಂತ ಇರುತ್ತಿತ್ತು. ಆ ವರ್ಣವೇ ಈ ಕ್ರೋಮ್. 1797ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವೋಕ್ಲಾನ್, ಸೈಬೀರಿಯದಿಂದ ಬಂದ ಒಂದು ಕೆಂಪು ಅದಿರನ್ನು ಪರೀಕ್ಷೆ ಮಾಡುವಾಗ ಹೊಸ ಲೋಹವೊಂದನ್ನು ಕಂಡುಹಿಡಿದರು. ಯಾವುದರ ಜೊತೆ ಸೇರಿಸಿದರೂ ಅದು ಒಂದೊಂದು ಬಣ್ಣ ಕೊಡುತ್ತಿತ್ತು: ಕೆಂಪು, ಹಳದಿ, ಹಸಿರು. ಹಾಗಾಗಿ ಕ್ರೋಮಿಯಂ ಅಂತ ಹೆಸರಾಯಿತು. ಮಾಣಿಕ್ಯದ ಕೆಂಪಿಗೂ ಪಚ್ಚೆಯ ಹಸಿರಿಗೂ ಇದೇ ಕ್ರೋಮಿಯಂ ಕಾರಣ. ಉಂಗುರದಲ್ಲಿ ಎರಡೂ ಹರಳು ಇಟ್ಟುಕೊಂಡವರು ಕೈಯಲ್ಲೇ ಕ್ರೋಮ್ ಹೊತ್ತು ತಿರುಗುತ್ತಿದ್ದಾರೆ. ಇದರ ಅದಿರು ನಮ್ಮಲ್ಲೂ ಇದೆ. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಕಡೆ, ಬೈರಾಪುರದಲ್ಲಿ ಕ್ರೋಮೈಟ್ ಗಣಿ ಇದೆ.

ಬಣ್ಣಕ್ಕೆ ಅಂತ ಹೆಸರು ಪಡೆದ ಲೋಹ ಕಡೆಗೆ ಪ್ರಸಿದ್ಧವಾಗಿದ್ದು ಬಣ್ಣವೇ ಇಲ್ಲದ ಕನ್ನಡಿ ಹೊಳಪಿಗೆ. 1920ರ ದಶಕದಲ್ಲಿ ಕ್ರೋಮ್ ಬರುವ ಮುಂಚೆ ಕಾರುಗಳಲ್ಲಿ ಹೊಳೆಯುತ್ತಿದ್ದುದು ನಿಕ್ಕಲ್. ಅದು ಬೇಗ ಮಂಕಾಗುತ್ತಿತ್ತು. ಹಿತ್ತಾಳೆ ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕುವ ಹಾಗೆ ಅದನ್ನೂ ತಿಕ್ಕಿ ತಿಕ್ಕಿ ಇಡಬೇಕಿತ್ತು. ನಿಕ್ಕಲ್ ಮೇಲೆ ಒಂದು ಪದರ ಕ್ರೋಮ್ ಕೊಟ್ಟರೆ ಆ ತಾಪತ್ರಯ ಇಲ್ಲ. ಅಲ್ಲಿಂದ ಶುರುವಾಗಿ ನಮ್ಮ ಅಂಬಾಸಿಡರ್ ಬಂಪರ್‌ವರೆಗೂ ಬಂತು. ಆಯುಧಪೂಜೆ ದಿನ ಆ ಬಂಪರಿನಲ್ಲಿ ನಮ್ಮ ಮುಖ ಅಗಲವಾಗಿ ಕಾಣುತ್ತಿದ್ದುದು ನನ್ನ ವಯಸ್ಸಿನವರಿಗೆ ಮರೆತಿರಲಿಕ್ಕಿಲ್ಲ.

ನೀವು ಅಂತರ್ಜಾಲ ನೋಡುವ ಬ್ರೌಸರ್‌ಗೂ ಇದೇ ಹೆಸರು ಇದೆಯಲ್ಲ, ಅದಕ್ಕೂ ಕಾರಿಗೂ ಸಂಬಂಧವಿದೆ. ಸಾಫ್ಟ್‌ವೇರ್ ಮಂದಿ ಕಿಟಕಿಯ ಅಂಚು, ಗುಂಡಿ, ಪಟ್ಟಿ ಇವುಗಳಿಗೆಲ್ಲ 'ಕ್ರೋಮ್' ಅನ್ನುತ್ತಾರೆ. ಕಾರಿನ ಅಲಂಕಾರದ ಪಟ್ಟಿಯ ಹಾಗೆ, ಮುಖ್ಯ ವಸ್ತುವಿನ ಸುತ್ತ ಇರುವ ಥಳಕು ಅಂತ. 2008ರಲ್ಲಿ ಗೂಗಲ್ ತನ್ನ ಬ್ರೌಸರ್ ತಂದಾಗ ಈ ಪಟ್ಟಿಗಳನ್ನೆಲ್ಲ ಆದಷ್ಟು ಕಡಿಮೆ ಮಾಡೋದೇ ಅದರ ಗುರಿಯಾಗಿತ್ತು. ಅಂದರೆ ಕ್ರೋಮ್ ಬ್ರೌಸರ್ ಹುಟ್ಟಿದ್ದೇ ಒಂದು ಕ್ರೋಮ್ ಡಿಲೀಟ್‌ನಿಂದ! ಅದೂ ಅಸಲಿ ಡಿಲೀಟ್. ಈಗ 'ಕ್ರೋಮ್ ಡಿಲೀಟ್ ಮಾಡುವುದು ಹೇಗೆ' ಅಂತ ಹುಡುಕಿ ನೋಡಿ, ಫೋನಿನಿಂದ ಬ್ರೌಸರ್ ತೆಗೆಯುವ ವಿಧಾನವೇ ಮೊದಲು ಬರುತ್ತದೆ. ಪಾಪ, ಕಾರಿನವರು ಕೆಳಗೆ ಎಲ್ಲೋ ಇರುತ್ತಾರೆ.

ಅಂಗಡಿಯಲ್ಲಿ ದುಡ್ಡು ಕಳೆಯುವ ಗೊಂದಲ ಮಾತ್ರ ಬೇರೆಯೇ. ನನ್ನ ಚಿಕ್ಕಪ್ಪನ ಮಗ ಒಂದು ಅಂಗಡಿಗೆ ಫೋನ್ ಮಾಡಿ "ಕ್ರೋಮ್ ರ‍್ಯಾಪ್‌ಗೆ ಎಷ್ಟು?" ಅಂತ ಕೇಳಿದ. ಅವರು ಹೇಳಿದ ರೇಟ್ ಕೇಳಿ ಹೌಹಾರಿದ. ತಪ್ಪು ಅವರದಲ್ಲ. 'ಕ್ರೋಮ್ ರ‍್ಯಾಪ್' ಅಂದರೆ ಕನ್ನಡಿಯ ಹಾಗೆ ಹೊಳೆಯುವ ವಿನೈಲ್. ಇಡೀ ಕಾರಿಗೆ ಅದನ್ನು ಸುತ್ತಿದರೆ ಬಿಸಿಲಲ್ಲಿ ಎದುರು ಬರುವವರ ಕಣ್ಣು ಹೋಗಬೇಕು. ಕ್ರೋಮ್ ಮೇಲೆ ಹಾಕುವ ರ‍್ಯಾಪ್ ಬೇರೆ, ಕ್ರೋಮ್‌ನಂತೆ ಕಾಣುವ ರ‍್ಯಾಪ್ ಬೇರೆ. ಅವನಿಗೆ ಬೇಕಿದ್ದುದಕ್ಕೆ ಇದು ತದ್ವಿರುದ್ಧ. ಇನ್ನು ಕಂಪನಿಗಳ ಬ್ರೋಷರ್‌ನಲ್ಲಿ ಬರುವ 'ಡಾರ್ಕ್ ಕ್ರೋಮ್' ಮೂರನೆಯದು. ಅದು ಹೊಳಪು ಉಳಿಸಿಕೊಂಡೇ ಕಪ್ಪು ಛಾಯೆ ಕೊಟ್ಟ ಫಿನಿಶ್. ಅಲ್ಲಿ ಮುಚ್ಚುವುದೂ ಇಲ್ಲ, ತೆಗೆಯುವುದೂ ಇಲ್ಲ.

ಫ್ಯಾಕ್ಟರಿಯಿಂದಲೇ ಕಪ್ಪಾಗಿ ಬರುವ ಕಾರನ್ನೂ ಕೆಲವರು 'ಕ್ರೋಮ್ ಡಿಲೀಟ್ ಆಗಿದೆ' ಅನ್ನುತ್ತಾರೆ. 2019ರಲ್ಲಿ ಬಂದ ಟಾಟಾ ಹ್ಯಾರಿಯರ್ ಡಾರ್ಕ್, 2022ರ ಹ್ಯುಂಡೈ ಕ್ರೆಟಾ ನೈಟ್, ಬಿಎಂಡಬ್ಲ್ಯು ಕಂಪನಿಯ ಶ್ಯಾಡೋಲೈನ್, ಇವೆಲ್ಲ ಹುಟ್ಟುವಾಗಲೇ ಕಪ್ಪು. ಹುಟ್ಟು ಬೋಳನನ್ನು 'ತಲೆ ಬೋಳಿಸಿಕೊಂಡಿದ್ದಾನೆ' ಅಂತ ಯಾರಾದರೂ ಅಂತಾರಾ?

ಕನ್ನಡದಲ್ಲಿ ಇದಕ್ಕೆಲ್ಲ ಬೇರೆ ಬೇರೆ ಕ್ರಿಯಾಪದ ಸಿದ್ಧವಾಗಿಯೇ ಇವೆ. ಹಲ್ಲಿಗೆ ಹಾಕುವ ಫ್ಲಾಸ್ ದಾರದಿಂದ ಕುಯ್ದು ಕಾರಿನ ಹೆಸರಿನ ಅಕ್ಷರ ತೆಗೆಯೋದು ಕೀಳೋದು. ಸ್ಪ್ರೇ ಹೊಡೆಯೋದು ಬಳಿಯೋದು. ವಿನೈಲ್ ಹಾಕೋದು ಹೊದಿಸೋದು. ತಾಮ್ರದ ಪಾತ್ರೆ ಒಳಗೆ ಬಿಳಿ ಸವೆದು ಕೆಂಪು ಕಾಣಿಸಿದರೆ 'ಕಲಾಯಿ ಹೋಗಿದೆ' ಅಂತೀವಿ. ಪಾತ್ರೆ ಮೇಲೆ ಬಟ್ಟೆ ಮುಚ್ಚಿದರೆ ಕಲಾಯಿ ಹೋಯ್ತು ಅನ್ನಲ್ಲ. ಅಂಗಡಿ ಹುಡುಗರು ಈ ವಿಷಯದಲ್ಲಿ ನಮಗಿಂತ ವಾಸಿ. "ಕ್ರೋಮ್ ಬ್ಲ್ಯಾಕ್ ಮಾಡಿಸ್ತೀರಾ ಸಾರ್?" ಅಂತಾರೆ. ಅರ್ಧ ಇಂಗ್ಲಿಷ್ ಇರಬಹುದು, ಸುಳ್ಳಿಲ್ಲ.

ಇನ್ನೊಂದು ಮಾತು. 'ಡಿಲೀಟ್' ಮಾಡಿಸಿಕೊಳ್ಳುವವರಲ್ಲಿ ಅನೇಕರ ಕಾರಿನ ಕಿಟಕಿ ಪಟ್ಟಿಯಲ್ಲಿ ಕ್ರೋಮ್ ಪ್ಲೇಟಿಂಗ್ ಇರುವುದೇ ಇಲ್ಲ. ಗ್ರಿಲ್‌ನಲ್ಲಿ ಇರುತ್ತದೆ, ಆದರೆ ಬಹಳ ತೆಳ್ಳಗೆ. ಗ್ರಿಲ್ ಸಾಮಾನ್ಯವಾಗಿ ಎಬಿಎಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್. ಅದರ ಮೇಲೆ ತಾಮ್ರ, ಅದರ ಮೇಲೆ ನಿಕ್ಕಲ್, ಎಲ್ಲದರ ಮೇಲೆ ಕ್ರೋಮ್. ಆ ಕ್ರೋಮ್ ಪದರ ಅರ್ಧ ಮೈಕ್ರಾನ್ (ಮಿಲಿಮೀಟರಿನ ಎರಡು ಸಾವಿರದ ಒಂದು ಭಾಗ) ಕೂಡ ಇರುವುದಿಲ್ಲ. ಹೊಳಪಿನ ಬಹುಪಾಲು ಅಡಿಯ ನಿಕ್ಕಲ್‌ನದು, ಹೆಸರು ಮಾತ್ರ ಕ್ರೋಮ್‌ಗೆ. ಮೇಲೆ ಹೊದಿಸುವ ವಿನೈಲ್ ಅದಕ್ಕಿಂತ ನೂರು ಪಟ್ಟು, ಅದಕ್ಕೂ ಜಾಸ್ತಿ ದಪ್ಪ. ಕಿಟಕಿ ಪಟ್ಟಿ ಮಾತ್ರ ಎಷ್ಟೋ ಕಾರುಗಳಲ್ಲಿ ಸ್ಟೇನ್‌ಲೆಸ್ ಸ್ಟೀಲ್, ದುಬಾರಿ ಕಾರುಗಳಲ್ಲಿ ಅನೋಡೈಸ್ ಮಾಡಿದ ಅಲ್ಯೂಮಿನಿಯಂ. ಸ್ಟೇನ್‌ಲೆಸ್‌ನಲ್ಲಿ ಕನಿಷ್ಠ 10.5 ಶೇಕಡಾ ಕ್ರೋಮಿಯಂ ಬೆರೆತಿರುತ್ತದೆ, ಅದರಿಂದಲೇ ಅದಕ್ಕೆ ತುಕ್ಕು ಹತ್ತೋದಿಲ್ಲ. ಅಂದರೆ ಮನೆಯ ಸ್ಟೀಲ್ ಲೋಟದಲ್ಲಿ ಇರುವಷ್ಟು ಕ್ರೋಮ್ ಇಡೀ ಗ್ರಿಲ್ಲಿನಲ್ಲಿ ಇರಲಿಕ್ಕಿಲ್ಲ. ಅಲ್ಯೂಮಿನಿಯಂ ಪಟ್ಟಿಯಲ್ಲಂತೂ ಕ್ರೋಮ್ ಲೇಪವೇ ಇಲ್ಲ. ಇಲ್ಲದ್ದನ್ನು ಡಿಲೀಟ್ ಮಾಡಿಸಿ ದುಡ್ಡು ಕೊಟ್ಟು ಬರುತ್ತೇವೆ.

ಪೊಲೀಸರು ಹಿಡೀತಾರಾ ಅನ್ನೋರಿಗೆ ಎರಡೇ ಮಾತು: 2012ರಲ್ಲಿ ಸುಪ್ರೀಂ ಕೋರ್ಟ್ ಬೇಡ ಅಂದ ಕಪ್ಪು ಫಿಲ್ಮ್ ಗಾಜಿನದು, ಪಟ್ಟಿಯದಲ್ಲ. ಆರ್‌ಸಿಯಲ್ಲಿ ಬರೆದಿರೋದು ಬಾಡಿಯ ಬಣ್ಣ.

ಕಡೆಗೆ ಆ ಚಿಕ್ಕಪ್ಪನ ಮಗನ ಜೊತೆ ನಾನೇ ಹೋದೆ, ಬೆಂಗಳೂರಿನ ಜೆ.ಸಿ. ರೋಡ್ ಹತ್ತಿರದ ಒಂದು ಚಿಕ್ಕ ಅಂಗಡಿಗೆ. ಕೆಲಸ ಮಾಡಿದ ಹುಡುಗನಿಗೆ ಇಪ್ಪತ್ತೆರಡು ಇರಬಹುದು. ಮೊದಲು ಪಟ್ಟಿಯನ್ನು ಸ್ಪಿರಿಟ್ ಹಾಕಿ ಒರೆಸಿದ. ಬಟ್ಟೆ ಕಪ್ಪಾಗದೆ ಬರುವ ತನಕ ಒರೆಸಿದ. ರಬ್ಬರ್ ಬೀಡಿಂಗನ್ನು ಪ್ಲಾಸ್ಟಿಕ್ ಚಮಚದಂಥದ್ದರಲ್ಲಿ ಸ್ವಲ್ಪ ಎತ್ತಿ, ಅದರ ಒಳಗೂ ಒರೆಸಿದ. ಆಮೇಲೆ ವಿನೈಲ್ ಎಳೆದು ಹಿಡಿದು, ಮಧ್ಯದಿಂದ ಅಂಚಿಗೆ ಸ್ಕ್ವೀಜಿ ಅನ್ನುವ ಒತ್ತುಪಟ್ಟಿಯಲ್ಲಿ ಒತ್ತುತ್ತಾ ಹೋದ. ಮೂಲೆ ಬಂದಾಗ ಬಿಸಿ ಗಾಳಿ ಊದುವ ಹೀಟ್ ಗನ್. ಬಿಸಿಗೆ ಹಾಳೆ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗಿ ಮೂಲೆಯ ಸುತ್ತ ಬಗ್ಗಿತು. "ಜಾಸ್ತಿ ಎಳೆದ್ರೆ ಸಾರ್, ಬೇಸಿಗೇಲಿ ವಾಪಸ್ ಎಳ್ಕೊಳತ್ತೆ" ಅಂದ. ವಿನೈಲ್‌ಗೆ ತನ್ನ ಹಳೆಯ ಆಕಾರ ನೆನಪಿರುತ್ತದೆ. ಎಳೆದದ್ದನ್ನು ಮರೆಸೋಕೆ ಕೊನೆಗೆ ಮತ್ತೊಮ್ಮೆ ಚೆನ್ನಾಗಿ ಕಾಯಿಸಬೇಕು. ಅಂಚು ಕತ್ತರಿಸುವಾಗ ಮೂರು ಮಿಲಿಮೀಟರ್‌ನಷ್ಟು ಬಿಟ್ಟು, ಬೀಡಿಂಗ್ ಒಳಗೆ ಸಿಕ್ಕಿಸಿದ. ಜಾಹೀರಾತಿನ ಕಾರಿನಲ್ಲಿ ಎದ್ದಿದ್ದ ಮೂಲೆ ನೆನಪಾಯಿತು. ಅಲ್ಲಿ ಯಾರೋ ಪಟ್ಟಿಯ ಅಂಚಿಗೇ ಕುಯ್ದು ಕೈತೊಳೆದುಕೊಂಡಿದ್ದರು. ಬ್ಲೇಡ್ ಪಟ್ಟಿಗೇ ತಾಗಿದ್ದರಂತೂ ಗೀರು ಉಳಿಯುತ್ತದೆ. ಮುಂದೆ ವಿನೈಲ್ ಕಿತ್ತಾಗ ಕಾಣೋದು ಅದೇ.

ಎಡಗಡೆಯ ಎರಡೂ ಬಾಗಿಲು ಮುಗಿಯುವ ಹೊತ್ತಿಗೆ ಕರೆಂಟ್ ಹೋಯಿತು. ಹೀಟ್ ಗನ್ ಇಲ್ಲದೆ ಮೂಲೆ ಕೂರಲ್ಲ. ಏಳು ಗಂಟೆವರೆಗೂ ಕಾದೆವು. ಬರಲಿಲ್ಲ. ನಾಳೆ ಬನ್ನಿ ಅಂದರು.

ಮನೆ ಮುಂದೆ ಕಾರು ನಿಲ್ಲಿಸಿದಾಗ ಚಿಕ್ಕಮ್ಮ ಹೊರಗೆ ಬಂದರು. ಈ ಕಡೆ ನೋಡಿದರು, ಆ ಕಡೆ ಹೋಗಿ ನೋಡಿದರು. ಕಪ್ಪು ಪಟ್ಟಿಯ ಮೇಲೆ ಉಗುರಲ್ಲಿ ಮೆಲ್ಲಗೆ ಕೆರೆದರು.

"ಇದ್ಯಾಕೋ, ಒಂದೇ ಕಣ್ಣಿಗೆ ಕಾಡಿಗೆ ಹಚ್ಚಿಸ್ಕೊಂಡು ಬಂದಿದೀರ?"