ಕಾದಂಬರಿಯನ್ನು ಬದಲಾಯಿಸುವ ಅಧಿಕಾರ ನಿರ್ದೇಶಕರಿಗೆ ಇದೆಯೇ?

ಪ್ರಶ್ನೆ: ಎಸ್.ಎಲ್. ಭೈರಪ್ಪನವರ ‘ನಾಯಿ ನೆರಳು’ ನಾನು ಮತ್ತೆ ಮತ್ತೆ ಓದಿದ ಕಾದಂಬರಿ. ಗಿರೀಶ್ ಕಾಸರವಳ್ಳಿಯವರ ಸಿನಿಮಾ ನೋಡಿದಾಗ ಇದು ಬೇರೆಯೇ ಕಥೆ ಎನ್ನಿಸಿತು. ಗೆಳೆಯರಲ್ಲಿ ಕೆಲವರು ಸಿನಿಮಾವೇ ಮೇಲು ಎನ್ನುತ್ತಾರೆ, ಉಳಿದವರು ನಿರ್ದೇಶಕರ ಮೇಲೆ ಹರಿಹಾಯುತ್ತಾರೆ. ಇಷ್ಟೊಂದು ಬದಲಾಯಿಸುವುದಾದರೆ ಕಾದಂಬರಿಯ ಹೆಸರನ್ನೇಕೆ ಇಟ್ಟುಕೊಳ್ಳಬೇಕು? ಅದನ್ನು ತಡೆಯುವ ಹಕ್ಕು ಲೇಖಕರಿಗೆ ಇಲ್ಲವೇ?
– ಒಬ್ಬ ಓದುಗರು, ಹಾಸನ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಒಂದು ಕಾನೂನಿಗೆ ಸಂಬಂಧಿಸಿದ್ದು, ಇನ್ನೊಂದು ರುಚಿಗೆ. ಮೊದಲನೆಯದಕ್ಕೆ ಉತ್ತರ ಸುಲಭ.

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕೃತಿಯನ್ನು ಸಿನಿಮಾ ಮಾಡುವ ಹಕ್ಕು ಮೂಲತಃ ಲೇಖಕರದೇ. ಅದನ್ನು ಅವರು ನಿರ್ಮಾಪಕರಿಗೆ ಬರೆದುಕೊಟ್ಟ ಮೇಲೂ 57ನೆಯ ಸೆಕ್ಷನ್ನಿನ ರಕ್ಷಣೆ ಅವರಿಗೆ ಉಳಿದಿರುತ್ತದೆ. ಕೃತಿಯನ್ನು ತಮ್ಮ ಗೌರವಕ್ಕೆ ಕುಂದು ಬರುವಂತೆ ವಿರೂಪಗೊಳಿಸಿದರೆ ಅವರು ನ್ಯಾಯಾಲಯದ ಮೊರೆ ಹೋಗಬಹುದು. ಹಿಂದಿ ಲೇಖಕಿ ಮನ್ನೂ ಭಂಡಾರಿಯವರು ತಮ್ಮ ‘ಆಪ್ ಕಾ ಬಂಟಿ’ ಕಾದಂಬರಿಯನ್ನು ಆಧರಿಸಿದ ‘ಸಮಯ್ ಕೀ ಧಾರಾ’ ಸಿನಿಮಾದ ವಿರುದ್ಧ ಹೂಡಿದ ದಾವೆ ಈ ವಿಷಯದಲ್ಲಿ ಪ್ರಸಿದ್ಧವಾದದ್ದು. ಮಾಧ್ಯಮ ಬದಲಾದಾಗ ಕೆಲವು ಮಾರ್ಪಾಡುಗಳು ಅನಿವಾರ್ಯವಾದರೂ ಆ ನೆಪದಲ್ಲಿ ಕೃತಿಯ ತಿರುಳನ್ನೇ ಕೆಡಿಸುವಂತಿಲ್ಲ ಎಂಬ ನಿಲುವನ್ನು 1986ರಲ್ಲಿ ದೆಹಲಿ ಹೈಕೋರ್ಟ್ ತಳೆಯಿತು. ಕೊನೆಗೆ ರಾಜಿಯಾಗಿ, ಲೇಖಕಿಯ ಮತ್ತು ಕಾದಂಬರಿಯ ಹೆಸರನ್ನು ಸಿನಿಮಾದಿಂದ ಕೈಬಿಡಲು ಎರಡೂ ಕಡೆಯವರು ಒಪ್ಪಿದರು. ‘ಹೆಸರನ್ನೇಕೆ ಇಟ್ಟುಕೊಳ್ಳಬೇಕು’ ಎಂದು ನೀವು ಕೇಳಿದ್ದಕ್ಕೆ ಆ ಪ್ರಕರಣದಲ್ಲಿ ಸಿಕ್ಕ ಉತ್ತರ ಇದು.

ಆದರೆ ‘ನಾಯಿ ನೆರಳು’ ಆ ಬಗೆಯ ವಿರೂಪವೆಂದು ನನಗೆ ಅನ್ನಿಸುವುದಿಲ್ಲ. ಸತ್ತ ಮಗನೇ ಬೇರೆಡೆ ಮರುಹುಟ್ಟು ಪಡೆದಿದ್ದಾನೆಂದು ನಂಬಿ ಒಬ್ಬ ಯುವಕನನ್ನು ಮನೆಗೆ ಕರೆತರುವುದು, ವಿಧವೆಯಾಗಿದ್ದ ಸೊಸೆ ವೆಂಕು ತನಗಿಂತ ಎಷ್ಟೋ ಚಿಕ್ಕವನಾದ ಅವನನ್ನು ಗಂಡನೆಂದು ಸ್ವೀಕರಿಸುವುದು, ಬೆಳೆದ ಮಗಳು ಅದನ್ನು ಒಪ್ಪದಿರುವುದು – ಈ ಎಲುಬುಗೂಡು ಎರಡರಲ್ಲೂ ಇದೆ. 1968ರ ಕಾದಂಬರಿಯಲ್ಲಿ ಭೈರಪ್ಪನವರ ಜಿಜ್ಞಾಸೆ ಪುನರ್ಜನ್ಮದ ಸುತ್ತ, ಅಂದರೆ ದೇಹ ಬದಲಾದರೂ ಸಂಬಂಧ ಮುಂದುವರಿಯಬಲ್ಲದೇ ಎಂಬ ತಾತ್ವಿಕ ಸಮಸ್ಯೆಯ ಸುತ್ತ ಬೆಳೆಯುತ್ತದೆ. 2006ರ ಸಿನಿಮಾ ಪುನರ್ಜನ್ಮ ನಿಜವೋ ಸುಳ್ಳೋ ಎಂಬುದನ್ನು ಬಗೆಹರಿಸುವ ಗೋಜಿಗೆ ಹೋಗದೆ, ಹಿರಿಯರ ಆ ನಂಬಿಕೆಯನ್ನು ತನ್ನ ಮೈಮೇಲೆ ಹೊತ್ತು ಬದುಕಬೇಕಾದ ವೆಂಕುವಿನ ಕಡೆಗೆ ತಿರುಗುತ್ತದೆ. ಲೋಕದ ಕಣ್ಣಿಗೆ ತಪ್ಪಾಗಿ ಕಂಡದ್ದು ಅವಳಿಗೆ ಬಿಡುಗಡೆಯೂ ಆಗಿರಬಹುದೆಂಬ ಸೂಚನೆ ಅಲ್ಲಿದೆ. ಅತ್ತೆ, ಸೊಸೆ, ಮಗಳು ಈ ಮೂವರೂ ಒಂದೇ ಘಟನೆಯನ್ನು ಮೂರು ರೀತಿಯಲ್ಲಿ ಕಾಣುತ್ತಾರೆ. ವೆಂಕುವಾಗಿ ಪವಿತ್ರಾ ಲೋಕೇಶ್ ಅವರ ಅಭಿನಯದ ಬಲವೂ ಅಲ್ಲೇ ಇರುವುದು. ಪುನರ್ಜನ್ಮದ ಜಿಜ್ಞಾಸೆಯನ್ನು ಬಯಸಿ ಹೋದವರಿಗೆ ನಿರಾಸೆಯಾಗುವುದು ಸಹಜ, ಆ ನಿರಾಸೆಗೆ ಆಧಾರವೂ ಇದೆ. ಆದರೂ ಬೇಜವಾಬ್ದಾರಿಯಿಂದ ಕಥೆ ತಿರುಚಿದ್ದಾರೆ ಎನ್ನುವುದು ಬೇರೆ ಆರೋಪ. ನಿರ್ದೇಶಕರು ಒಂದು ಪ್ರಶ್ನೆಯನ್ನು ತೆಗೆದು ಆ ಜಾಗದಲ್ಲಿ ಅಷ್ಟೇ ತೂಕದ ಇನ್ನೊಂದು ಪ್ರಶ್ನೆಯನ್ನು ಇಟ್ಟಿದ್ದಾರೆಯೇ ಎಂದು ನಾನು ನೋಡುತ್ತೇನೆ. ಇಲ್ಲಿ ಇಟ್ಟಿದ್ದಾರೆ.

ಇದಕ್ಕಿಂತ ಹಳೆಯ ಜಗಳ ‘ನಾಗರಹಾವು’ ಸಿನಿಮಾದ್ದು. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪ ಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲ್ 1972ರಲ್ಲಿ ಒಂದೇ ಸಿನಿಮಾ ಮಾಡಿದರು. ತಮ್ಮ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿಬಿಟ್ಟರೆಂದು ತ.ರಾ.ಸು. ಬೇಸರಪಟ್ಟರೆಂಬ ಮಾತು ಇಂದಿಗೂ ಓಡಾಡುತ್ತಿದೆ. ಮೂರು ಕಾದಂಬರಿಗಳು ಒಂದು ಸಿನಿಮಾದೊಳಗೆ ಹಿಡಿಸಬೇಕಾದರೆ ಪಾತ್ರಗಳ ಒಳತೋಟಿ ಕರಗಿ ಸನ್ನಿವೇಶಗಳು ಉಬ್ಬುತ್ತವೆ; ಹಾಡು, ಕಣ್ಣೀರು, ಆವೇಶಗಳನ್ನು ಎತ್ತರದ ದನಿಯಲ್ಲೇ ತೋರಿಸುತ್ತಿದ್ದ ಪುಟ್ಟಣ್ಣನವರ ಕೈಯಲ್ಲಿ ಅದು ಇನ್ನಷ್ಟು ಉಬ್ಬಿತು. ಹಾಗಿದ್ದರೂ ಚಾಮಯ್ಯ ಮೇಷ್ಟ್ರು ಎಂದೊಡನೆ ಕನ್ನಡಿಗರಿಗೆ ಇಂದು ನೆನಪಾಗುವುದು ಅಶ್ವಥ್ ಅವರ ಮುಖ. ಪುಟ್ಟಣ್ಣನವರ ಅಭಿಮಾನಿಗಳೂ ಟೀಕಾಕಾರರೂ ಒಂದೇ ಗುಣವನ್ನು ಮುಂದಿಟ್ಟು ಎದುರುಬದುರು ತೀರ್ಪು ಕೊಡುತ್ತಾರೆ, ಆದ್ದರಿಂದ ಆ ವಾದ ಮುಗಿಯುವ ಸೂಚನೆಯಿಲ್ಲ.

ನಿಮ್ಮ ನೆರೆಯ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ಉದಾಹರಣೆ ಇದಕ್ಕಿಂತ ಕುತೂಹಲಕರವಾದದ್ದು. ‘ಅಬಚೂರಿನ ಪೋಸ್ಟಾಫೀಸು’ ಎಂಬ ಒಂದೇ ಕಥಾಸಂಕಲನದಿಂದ ನಾಲ್ವರು ನಿರ್ದೇಶಕರು ನಾಲ್ಕು ಸಿನಿಮಾ ಮಾಡಿದ್ದಾರೆ: ಶೀರ್ಷಿಕೆಯ ಕಥೆಯನ್ನು 1973ರಲ್ಲಿ ಎನ್. ಲಕ್ಷ್ಮೀನಾರಾಯಣ್, ‘ತಬರನ ಕಥೆ’ಯನ್ನು ಕಾಸರವಳ್ಳಿ, ‘ಕುಬಿ ಮತ್ತು ಇಯಾಲ’ವನ್ನು ಸದಾನಂದ ಸುವರ್ಣ, 2023ರಲ್ಲಿ ‘ಡೇರ್‌ಡೆವಿಲ್ ಮುಸ್ತಫಾ’ವನ್ನು ಶಶಾಂಕ್ ಸೋಗಾಲ್. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರನ ಸಿನಿಮಾ 1986ರ ಸಾಲಿನ ಅತ್ಯುತ್ತಮ ಕಥಾಚಿತ್ರದ ರಾಷ್ಟ್ರಪ್ರಶಸ್ತಿ ಪಡೆಯಿತು, ತಬರನಾಗಿದ್ದ ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿಯೂ ಬಂದಿತು. ಸಣ್ಣಕಥೆಯನ್ನು ಹಿಡಿದವರಿಗೆ ಒಂದು ಅನುಕೂಲವಿದೆ. ಕಾದಂಬರಿಯನ್ನು ಕತ್ತರಿಸಬೇಕು, ಸಣ್ಣಕಥೆಯನ್ನು ಬೆಳೆಸಬೇಕು. ಕತ್ತರಿಸಿದ್ದು ಓದುಗರ ಕಣ್ಣಿಗೆ ಕೂಡಲೇ ಬೀಳುತ್ತದೆ, ಬೆಳೆಸಿದ್ದನ್ನು ಅವರು ಬೇಗ ಕ್ಷಮಿಸುತ್ತಾರೆ. ಹಿಂದೂ ಹುಡುಗರೇ ತುಂಬಿದ್ದ ತರಗತಿಗೆ ಒಬ್ಬ ಮುಸ್ಲಿಂ ಹುಡುಗ ಬಂದಾಗ ಉಂಟಾಗುವ ಗಲಿಬಿಲಿಯ ಪುಟ್ಟ ಕಥೆ ಎರಡೂವರೆ ಗಂಟೆಯ ಸಿನಿಮಾ ಆಗಬೇಕಾದರೆ ಅದರ ಬಹುಪಾಲು ಹೊಸದಾಗಿಯೇ ಹುಟ್ಟಬೇಕು. ಆದರೂ ತೇಜಸ್ವಿಯವರ ಓದುಗರೇ ಹಣ ಹೂಡಿ ಮಾಡಿದ, ಅರಸೀಕೆರೆ ಕಡೆಯ ನಟ ಧನಂಜಯ ಅರ್ಪಿಸಿದ ಆ ಸಿನಿಮಾವನ್ನು ಕಟ್ಟಾ ಓದುಗರಲ್ಲಿ ಬಹಳ ಮಂದಿ ತಮ್ಮದೆಂದೇ ಅಪ್ಪಿಕೊಂಡರು.

ತೇಜಸ್ವಿಯವರ ಕೃತಿಗಳಲ್ಲಿ ತೆರೆಗೆ ತರಲು ಕಷ್ಟವಾದದ್ದು ಘಟನೆಗಳಲ್ಲ, ಅವುಗಳನ್ನು ಹೇಳುತ್ತಿರುವವನ ದನಿ. ‘ಕಿರಗೂರಿನ ಗಯ್ಯಾಳಿಗಳು’ ಓದುವಾಗ ನಮ್ಮನ್ನು ನಗಿಸುವುದು ಬೈಗುಳಕ್ಕಿಂತ ಹೆಚ್ಚಾಗಿ, ಆ ಬೈಗುಳವನ್ನು ಪಕ್ಕದಲ್ಲಿ ನಿಂತು ನಿರ್ಲಿಪ್ತವಾಗಿ ವರದಿ ಮಾಡುವ ನಿರೂಪಕ. ಕ್ಯಾಮೆರಾ ಅವನ ಜಾಗದಲ್ಲಿ ನಿಂತೊಡನೆ ಬೈಗುಳ ಮಾತ್ರ ಉಳಿಯುವ ಅಪಾಯವಿದೆ. ಸುಮನಾ ಕಿತ್ತೂರು ಅವರ 2016ರ ಸಿನಿಮಾ ಹೆಂಗಸರ ಒಗ್ಗಟ್ಟನ್ನು ಚೆನ್ನಾಗಿ ಹಿಡಿದಿದೆ, ಆ ದನಿ ಮಾತ್ರ ಅದರಲ್ಲಿ ನನಗೆ ಕೇಳಲಿಲ್ಲ. ಸಿನಿಮಾ ಪುಸ್ತಕದಂತಿಲ್ಲ ಎಂದು ಮೂಡಿಗೆರೆ ಕಡೆಯವರು ದೂರಿದರೆ, ಅವರು ಹುಡುಕುತ್ತಿರುವುದು ಈ ದನಿಯನ್ನೇ ಇರಬೇಕು.

ಲೇಖಕರು ತೀರಿಕೊಂಡ ಮೇಲೆ ಏನಾಗುತ್ತದೆ ಎಂಬುದನ್ನು ನೀವು ಕೇಳಿಲ್ಲ, ಆದರೆ ಕಳೆದ ವರ್ಷವಷ್ಟೇ, 2025ರಲ್ಲಿ, ಭೈರಪ್ಪನವರು ನಮ್ಮನ್ನು ಅಗಲಿದ್ದರಿಂದ ಹೇಳುತ್ತೇನೆ. ಕೃತಿಸ್ವಾಮ್ಯ ಲೇಖಕರ ಮರಣದ ನಂತರದ 60 ವರ್ಷಗಳವರೆಗೆ ಉತ್ತರಾಧಿಕಾರಿಗಳಲ್ಲಿರುತ್ತದೆ. ಅಲ್ಲಿಯವರೆಗೆ ಅವರ ಒಪ್ಪಿಗೆ ಬೇಕೇ ಬೇಕು. 1963ರಲ್ಲಿ ತೀರಿಕೊಂಡ ಕಾದಂಬರಿಕಾರ್ತಿ ತ್ರಿವೇಣಿಯವರ ವಿಷಯದಲ್ಲಿ ಆ ಅವಧಿ 2023ರ ಕೊನೆಗೆ ಮುಗಿದಿದೆ. ಹೀಗಾಗಿ ‘ಬೆಳ್ಳಿಮೋಡ’ವನ್ನೋ ‘ಶರಪಂಜರ’ವನ್ನೋ ಈಗ ಯಾರು ಬೇಕಾದರೂ ಹೊಸದಾಗಿ ತೆರೆಗೆ ತರಬಹುದು, ಹಕ್ಕು ಕೊಳ್ಳಬೇಕಾಗಿಲ್ಲ. ಆದರೆ ಪುಟ್ಟಣ್ಣನವರ ‘ಬೆಳ್ಳಿಮೋಡ’ ಸಿನಿಮಾದಲ್ಲಿದ್ದದ್ದನ್ನೆಲ್ಲ ಬಳಸಿಕೊಳ್ಳಬಹುದೆಂದು ಇದರ ಅರ್ಥವಲ್ಲ: ಅಲ್ಲಿ ಕೇಳಿಬರುವ ‘ಮೂಡಲ ಮನೆಯ ಮುತ್ತಿನ ನೀರಿನ’ ಬೇಂದ್ರೆಯವರ ಕವಿತೆ, ಅದರ ಸ್ವಾಮ್ಯ 2041ರ ಕೊನೆಯವರೆಗೂ ಇರುತ್ತದೆ.