ಕೋಡಿ ಮೇಲಿನ ಮರಳುಮೂಟೆ

ಮುಳಬಾಗಿಲು ಕಡೆ ಕೆರೆಗಳು ಒಂಟಿಯಾಗಿರುವುದು ಕಡಿಮೆ. ಒಂದರ ಕೋಡಿ ನೀರು ಇನ್ನೊಂದಕ್ಕೆ, ಅದರದ್ದು ಮತ್ತೊಂದಕ್ಕೆ. ನಮ್ಮಜ್ಜಿ ಊರಿನ ಕೆರೆ ನಡುವಿನದು. ಒಂದು ಮಳೆಗಾಲ ಮೇಲೂರಿನವರು ರಾತ್ರೋರಾತ್ರಿ ತಮ್ಮ ಕೋಡಿಗೆ ಮರಳುಮೂಟೆ ಜೋಡಿಸಿಬಿಟ್ಟರು. ಒಂದೂವರೆ ಅಡಿ ಇರಬಹುದು, ಅಷ್ಟೇ. ನಮ್ಮೂರಿನವರು ಹಾರೆ, ಗುದ್ದಲಿ ಹಿಡಿದು ಹೊರಟೇಬಿಟ್ಟರು.

ಜಮ್ಮು-ಕಾಶ್ಮೀರದಲ್ಲಿ ಚಿನಾಬ್ ನದಿಗೆ ಭಾರತ ಕಟ್ಟಿದ ಬಗಲಿಹಾರ್ ಅಣೆಕಟ್ಟಿನದೂ ಇಂಥದೇ ಜಗಳ. ಎತ್ತರ ಜಾಸ್ತಿಯಾಯಿತು, ಗೇಟು ಕೆಳಗಾಯಿತು ಅಂತ ಪಾಕಿಸ್ತಾನ ತಕರಾರು ತೆಗೆಯಿತು. 2007ರಲ್ಲಿ ತಟಸ್ಥ ತಜ್ಞರು ಭಾರತದ ವಿನ್ಯಾಸವನ್ನು ಬಹುಪಾಲು ಒಪ್ಪಿದರು. ಆದರೆ ನೀರಿನ ಮಟ್ಟದ ಮೇಲೆ ಬಿಟ್ಟಿದ್ದ ಗೋಡೆಯನ್ನು ಒಂದೂವರೆ ಮೀಟರ್ ಇಳಿಸಿ ಎಂದರು. ಎರಡು ಅಣುಬಾಂಬ್ ದೇಶಗಳ ನಡುವೆಯೂ ಮಾತು ಕೊನೆಗೆ ಕೋಡಿ ಎತ್ತರಕ್ಕೇ ಬಂತು ನೋಡಿ!

ಇದರ ಬೇರು 1947ರ ಗಡಿಯಲ್ಲಿದೆ. ಆ ಗೆರೆ ಎಳೆದಾಗ ಮಾಧೋಪುರ, ಫಿರೋಜ್‌ಪುರದ ತೂಬುಗಳು ಭಾರತಕ್ಕೆ ಬಂದವು, ಅವುಗಳಿಂದ ನೀರುಣ್ಣುವ ಎಷ್ಟೋ ಹೊಲಗಳು ಪಾಕಿಸ್ತಾನಕ್ಕೆ ಹೋದವು. 1948ರ ಏಪ್ರಿಲ್‌ನಲ್ಲಿ ಭಾರತದ ಪಾಲಿನ ಪೂರ್ವ ಪಂಜಾಬ್ ಆ ನೀರು ನಿಲ್ಲಿಸಿತು. ಆ ಭಯವೇ 1960ರ ಸಿಂಧೂ ಒಪ್ಪಂದದ ತನಕ ಎಳೆದು ತಂದಿತು. ರಾವಿ, ಬಿಯಾಸ್, ಸಟ್ಲೆಜ್ ನಮಗೆ. ಸಿಂಧೂ, ಝೇಲಂ, ಚಿನಾಬ್ ಬಹುಮಟ್ಟಿಗೆ ಅವರಿಗೆ.

2025ರ ಏಪ್ರಿಲ್‌ನಲ್ಲಿ, ಪಹಲ್ಗಾಮ್ ದಾಳಿಯ ನಂತರ, ಭಾರತ ಆ ಒಪ್ಪಂದವನ್ನು ಅಮಾನತಿನಲ್ಲಿಟ್ಟಿತು. ಇನ್ನೇನು, ನಲ್ಲಿ ತಿರುಗಿಸಿದ ಹಾಗೆ ನೀರು ನಿಲ್ಲುತ್ತೆ ಅಂತ ಟೀವಿಯಲ್ಲಿ ಕೂಗಾಡಿದರು. ಸುಮ್ನೆ ಮಾತು. ನೀರು ನಿಲ್ಲಬೇಕಾದರೆ ಅದು ಹರಡಿಕೊಳ್ಳಲು ಬಯಲು ಬೇಕಲ್ವಾ? ನಮ್ಮ ಕಡೆ ತಗ್ಗು ನೋಡಿ ಏರಿ ಹಾಕಿದರೆ ಕೆರೆಯಾಯಿತು. ಚಿನಾಬ್ ಹರಿಯುವುದು ಕಡಿದಾದ ಕಣಿವೆಯಲ್ಲಿ. ಹಿಮ ಕರಗಿ, ಮಳೆಯೂ ಸೇರಿ ಬೇಸಿಗೆಯಿಂದ ನುಗ್ಗುವ ಅಷ್ಟು ನೀರನ್ನು ಹಿಡಿದಿಡುವಷ್ಟು ದೊಡ್ಡ ಜಲಾಶಯ ಅಲ್ಲಿಲ್ಲ. ದೆಹಲಿ ಏನೇ ತೀರ್ಮಾನ ಮಾಡಲಿ, ಬೆಟ್ಟ ಜರುಗುವುದಿಲ್ಲ.

ಇನ್ನೊಂದು ವಿಷಯ. ಸಿಂಧೂ, ಸಟ್ಲೆಜ್, ಬ್ರಹ್ಮಪುತ್ರ ಮೂರೂ ಹುಟ್ಟುವುದು ಟಿಬೆಟ್‌ನಲ್ಲಿ. ಅಂದರೆ ನಮಗೂ ಒಬ್ಬರು ಮೇಲೂರಿನವರಿದ್ದಾರೆ. ಗಡಿ ದಾಟುವ ನದಿಗಳ ಕುರಿತ ನಿಯಮಗಳು 1997ರಲ್ಲಿ ವಿಶ್ವಸಂಸ್ಥೆಯಲ್ಲಿ ಮತಕ್ಕೆ ಬಂದಾಗ ಬೇಡ ಎಂದವು ಮೂರೇ ದೇಶ: ಚೀನಾ, ಟರ್ಕಿ, ಬುರುಂಡಿ. ಮೂರೂ ನದಿಯ ಮೇಲ್ಗಡೆ ಕೂತವು. ಭಾರತ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ, ತಟಸ್ಥವಾಗಿ ಉಳಿಯಿತು. ನಡುವಿನ ಕೆರೆಯವರ ಪಾಡೇ ಅದು.

ಅಜ್ಜಿ ಊರಿನವರು ಆ ದಿನ ಮೇಲೂರಿನ ಮೂಟೆಗಳನ್ನೆಲ್ಲ ಕಿತ್ತೆಸೆದು ಬಂದರು. ನಮ್ಮ ಕೋಡಿ ಮೇಲೆ ಹಿಂದಿನ ವರ್ಷ ಇಟ್ಟಿದ್ದ ಕಲ್ಲುಗಳು ಮಾತ್ರ ಹಾಗೇ ಇದ್ದವು.