ಉಪಗ್ರಹ ಕೈಕೊಟ್ಟಾಗ ಡ್ರೋನ್ ಮನೆ ಸೇರುವ ಬಗೆ

ಡ್ರೋನಿಗೆ ‘ಮನೆ’ ಎಂದರೆ ಎರಡು ಸಂಖ್ಯೆ: ಅಕ್ಷಾಂಶ, ರೇಖಾಂಶ. ನೆಲ ಬಿಡುವ ಮುನ್ನ ಜಿಪಿಎಸ್‌ನಿಂದ ಅವನ್ನು ಓದಿ ನೆನಪಿಟ್ಟುಕೊಂಡಿರುತ್ತದೆ. ನೀವು ರಿಮೋಟಿನಲ್ಲಿ ‘ರಿಟರ್ನ್ ಟು ಹೋಮ್’ ಒತ್ತಿದಾಗ, ಈಗಿರುವ ಜಾಗಕ್ಕೂ ಆ ಜಾಗಕ್ಕೂ ಇರುವ ಅಂತರ ಲೆಕ್ಕ ಹಾಕಿ ಆ ದಿಕ್ಕಿಗೆ ಹೊರಡುತ್ತದೆ. ಜಿಪಿಎಸ್ ಹೋದರೆ ಮನೆಯ ವಿಳಾಸವೇನೂ ಅಳಿಸಿಹೋಗುವುದಿಲ್ಲ. ತಾನೀಗ ಎಲ್ಲಿದ್ದೇನೆ ಎಂಬುದು ತಿಳಿಯದಾಗುತ್ತದೆ, ಗಾಳಿ ತನ್ನನ್ನು ಎತ್ತ ತಳ್ಳುತ್ತಿದೆ ಎಂಬುದೂ ತಿಳಿಯದಾಗುತ್ತದೆ. ದೊಡ್ಡ ತಲೆನೋವು ಈ ಎರಡನೆಯದು. ಉಪಗ್ರಹವಿಲ್ಲದೆ ಡ್ರೋನ್ ವಾಪಸ್ ತರಲು ಇದುವರೆಗೆ ಹೂಡಿದ ಉಪಾಯಗಳನ್ನೆಲ್ಲ ಸಾಲಾಗಿ ನೋಡಿದರೆ, ಒಂದೊಂದೂ ಗಾಳಿಯ ಈ ತಳ್ಳಾಟವನ್ನು ಬೇರೆ ಬೇರೆ ರೀತಿಯಲ್ಲಿ ಅಳೆಯುವ ಪ್ರಯತ್ನವೇ.

ಜಿಪಿಎಸ್ ಸಿಗ್ನಲ್ ಮೊದಲಿನಿಂದಲೂ ಬಡಕಲು. ಉಪಗ್ರಹಗಳು ಇರುವುದು ಸುಮಾರು 20,200 ಕಿ.ಮೀ. ಎತ್ತರದಲ್ಲಿ. ಅಲ್ಲಿಂದ 1575.42 ಮೆಗಾಹರ್ಟ್ಸ್‌ನಲ್ಲಿ ಹೊರಟ ಸಿಗ್ನಲ್ ನೆಲ ಮುಟ್ಟುವಾಗ ಉಳಿದಿರುವುದು ಒಂದು ವ್ಯಾಟ್‌ನ ನೂರು ಕೋಟಿ ಕೋಟಿಯಲ್ಲಿ ಒಂದು ಪಾಲು. ಅದನ್ನು ಮುಚ್ಚಿಹಾಕಲು ಜೇಬಿನಲ್ಲಿ ಹಿಡಿಸುವ ಜಾಮರ್ ಸಾಕು. ಅಮೆರಿಕದ ನ್ಯೂವಾರ್ಕ್ ವಿಮಾನ ನಿಲ್ದಾಣದ ಬಳಿ, ಮಾಲೀಕನಿಗೆ ತಾನೆಲ್ಲಿದ್ದೇನೆಂದು ಗೊತ್ತಾಗಬಾರದೆಂದು ಚಾಲಕನೊಬ್ಬ ಗಾಡಿಯಲ್ಲಿಟ್ಟುಕೊಂಡಿದ್ದ ಜಾಮರ್ ನಿಲ್ದಾಣದ ಇಳಿದಾಣ ವ್ಯವಸ್ಥೆಗೇ ತೊಂದರೆ ಕೊಟ್ಟಿತ್ತು. 2013ರಲ್ಲಿ ಅವನಿಗೆ 31,875 ಡಾಲರ್ ದಂಡದ ನೋಟಿಸ್ ಹೋಯಿತು. ಆದರೆ ಶತ್ರು ಹೊರಗೇ ಇರಬೇಕೆಂದಿಲ್ಲ. ಡ್ರೋನಿನ ಮೇಲೇ ಕೂತ ಕ್ಯಾಮೆರಾದ ಎಚ್‌ಡಿಎಂಐ ಕೇಬಲ್, ಯುಎಸ್‌ಬಿ-3 ವೈರು, 1.2–1.3 ಗಿಗಾಹರ್ಟ್ಸ್ ವಿಡಿಯೊ ಟ್ರಾನ್ಸ್‌ಮಿಟರ್ ಕೂಡ ಇದೇ ಕೆಲಸ ಮಾಡುತ್ತವೆ. ಜಿಪಿಎಸ್ ಆಂಟೆನಾವನ್ನು ಸಣ್ಣ ಕಂಬದ ಮೇಲೆ 10–15 ಸೆಂ.ಮೀ. ಎತ್ತರದಲ್ಲಿ ಕೂರಿಸುವುದು ಅಲಂಕಾರಕ್ಕಲ್ಲ.

ಉಪಗ್ರಹಗಳಿಗಿಂತ ಮೊದಲೇ ದಾರಿ ಹುಡುಕುವ ಯಂತ್ರಗಳಿದ್ದವು. 1953ರ ಫೆಬ್ರುವರಿಯಲ್ಲಿ ಎಂಐಟಿಯ ಚಾರ್ಲ್ಸ್ ಸ್ಟಾರ್ಕ್ ಡ್ರೇಪರ್ ತಂಡ ಒಂದು ಟನ್ನಿಗೂ ಹೆಚ್ಚು ತೂಕದ ಗೈರೊ ಪೆಟ್ಟಿಗೆಯನ್ನು ಬಿ-29 ವಿಮಾನದಲ್ಲಿಟ್ಟು, ಮ್ಯಾಸಚೂಸೆಟ್ಸ್‌ನಿಂದ ಲಾಸ್ ಏಂಜಲೀಸ್‌ವರೆಗೆ ಹೊರಗಿನ ಯಾವ ಸಂಕೇತವೂ ಇಲ್ಲದೆ ಕರೆದೊಯ್ದಿತು. ಇಂದಿನ ಡ್ರೋನಿನಲ್ಲೂ ತಿರುಗುವಿಕೆ ಅಳೆಯುವ ಗೈರೊ, ವೇಗೋತ್ಕರ್ಷ ಅಳೆಯುವ ಆಕ್ಸಿಲರೊಮೀಟರ್ ಇವೆ. ಎರಡೂ ಸೇರಿ 4 ಮಿ.ಮೀ. ಅಗಲದ ಒಂದು ಎಲೆಕ್ಟ್ರಾನಿಕ್ ಚಿಪ್. ಹಾಗಾದರೆ ಡ್ರೇಪರ್ ಮಾಡಿದ್ದನ್ನು ಇದೂ ಮಾಡಬಾರದೇಕೆ? ಲೆಕ್ಕ ಹಾಕಿ ನೋಡಿ. ಡ್ರೋನ್ ತಾನು ಎಷ್ಟು ವಾಲಿದ್ದೇನೆ ಎಂದು ಅಂದಾಜಿಸುವುದರಲ್ಲಿ ಕೇವಲ 1 ಡಿಗ್ರಿ ತಪ್ಪಿದರೂ, ಸೆಕೆಂಡಿಗೆ ಸೆಕೆಂಡಿಗೆ 0.17 ಮೀಟರ್ ಸುಳ್ಳು ವೇಗೋತ್ಕರ್ಷ ಲೆಕ್ಕಕ್ಕೆ ಸೇರುತ್ತದೆ. 10 ಸೆಕೆಂಡಿನಲ್ಲಿ ಎಂಟೂವರೆ ಮೀಟರ್ ತಪ್ಪು. 60 ಸೆಕೆಂಡಿನಲ್ಲಿ 300 ಮೀಟರ್ ದಾಟುತ್ತದೆ. ತಪ್ಪು ಸಮಯದ ವರ್ಗದಂತೆ ಬೆಳೆಯುವುದರಿಂದ ಈ ಚಿಪ್ಪನ್ನೇ ನಂಬಿಕೊಂಡು ಮನೆ ಸೇರುವುದು ಆಗದ ಮಾತು.

ಅಗ್ಗದ ಪರಿಹಾರ ಬಂದದ್ದು ಕ್ಯಾಮೆರಾದಿಂದ. 2010ರಲ್ಲಿ ಫ್ರಾನ್ಸಿನ ಪ್ಯಾರಟ್ ಕಂಪನಿ ಎಆರ್ ಡ್ರೋನ್ ಎಂಬ ಆಟಿಕೆ ತಂದಿತು. ಅದರಲ್ಲಿ ಜಿಪಿಎಸ್ ಇರಲೇ ಇಲ್ಲ. ಹೊಟ್ಟೆಯಡಿಯ ಕ್ಯಾಮೆರಾ ನೆಲದ ಚಿತ್ರ ಎಷ್ಟು ಸರಿಯಿತು ಎಂದು ನೋಡುತ್ತಿತ್ತು, ಅಲ್ಟ್ರಾಸಾನಿಕ್ ಸಂವೇದಕ ಎತ್ತರ ಹೇಳುತ್ತಿತ್ತು. ಎರಡನ್ನೂ ಗುಣಿಸಿದರೆ ನೆಲದ ಮೇಲಿನ ವೇಗ. ಇದೇ ಆಪ್ಟಿಕಲ್ ಫ್ಲೋ. ಇದರ ಗುಟ್ಟು ಎತ್ತರದಲ್ಲಿದೆ. ಎತ್ತರ ಸರಿಯಾಗಿ ಗೊತ್ತಿಲ್ಲದಿದ್ದರೆ ಚಿತ್ರ ಸರಿದದ್ದು ಒಂದು ಮೀಟರೋ ಹತ್ತು ಮೀಟರೋ ಹೇಳಲಾಗದು. 2016ರ ಡಿಜೆಐ ಫ್ಯಾಂಟಮ್ 4 ಡ್ರೋನಿನಲ್ಲೂ ಕೆಳಮುಖ ಕ್ಯಾಮೆರಾಗಳು ನಂಬುವಂತೆ ಕೆಲಸ ಮಾಡುತ್ತಿದ್ದದ್ದು 10 ಮೀಟರ್‌ವರೆಗೆ ಮಾತ್ರ. ಜಿಪಿಎಸ್ ಹೋಗುವುದು 80 ಮೀಟರ್ ಮೇಲಿರುವಾಗ!

ಜಿಪಿಎಸ್ ಮೇಲೆ ಇಷ್ಟು ಭಾರ ಹಾಕಬಾರದೆಂದು 2012ರಲ್ಲೇ ಎರಡು ಘಟನೆಗಳು ಹೇಳಿದ್ದವು. ಮೇ 10ರಂದು ದಕ್ಷಿಣ ಕೊರಿಯಾದ ಇಂಚಿಯಾನ್‌ನಲ್ಲಿ ಆಸ್ಟ್ರಿಯಾದ ಶೀಬೆಲ್ ಕಂಪನಿಯ ಕ್ಯಾಮ್‌ಕಾಪ್ಟರ್ ಎಸ್-100 ನಿಯಂತ್ರಣ ವಾಹನಕ್ಕೇ ಬಡಿದು ಒಬ್ಬ ಎಂಜಿನಿಯರ್ ಸತ್ತರು. ಉತ್ತರ ಕೊರಿಯಾ ಕಡೆಯಿಂದ ಜಿಪಿಎಸ್ ಜಾಮಿಂಗ್ ನಡೆಯುತ್ತಿದ್ದ ದಿನಗಳವು. ಆದರೆ ಜಿಪಿಎಸ್ ಇಲ್ಲದೆಯೂ ಹಾರಬಲ್ಲ ಯಂತ್ರ ಅದು. ಸಿಗ್ನಲ್ ಹೋದ ಮೇಲೆ ಅನುಸರಿಸಬೇಕಿದ್ದ ಕ್ರಮ ತಪ್ಪಿದ್ದೂ ಕಾರಣವಾಗಿತ್ತು. ಮರು ತಿಂಗಳು ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್‌ನಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಟಾಡ್ ಹಂಫ್ರೀಸ್ ತಂಡ ಇನ್ನೂ ಕೆಟ್ಟದ್ದನ್ನು ತೋರಿಸಿತು. ಸುಮಾರು 600 ಮೀಟರ್ ದೂರದಿಂದ ನಕಲಿ ಜಿಪಿಎಸ್ ಸಿಗ್ನಲ್ ಕಳಿಸಿ, ಗಾಳಿಯಲ್ಲಿ ನಿಂತಿದ್ದ ಪುಟ್ಟ ಹೆಲಿಕಾಪ್ಟರಿಗೆ ‘ನೀನು ಮೇಲೇರುತ್ತಿದ್ದೀಯೆ’ ಎಂದು ನಂಬಿಸಿದರು. ಅದು ಸರಿಪಡಿಸಿಕೊಳ್ಳಲು ನೆಲದತ್ತ ಧುಮುಕಿತು. ಪಕ್ಕದಲ್ಲಿದ್ದ ಪೈಲಟ್ ರಿಮೋಟಿನಿಂದ ನಿಯಂತ್ರಣ ಹಿಡಿದು ಉಳಿಸಬೇಕಾಯಿತು.

ಜಾಮಿಂಗ್‌ಗೂ ನಕಲಿ ಸಿಗ್ನಲ್ ಕಳಿಸುವ ಈ ಸ್ಪೂಫಿಂಗ್‌ಗೂ ವ್ಯತ್ಯಾಸ ತಿಳಿದಿರಬೇಕು. ಜಾಮ್ ಆದರೆ ಉಪಗ್ರಹಗಳ ಎಣಿಕೆ ಕುಸಿಯುತ್ತದೆ, ಡ್ರೋನಿಗೆ ತಾನು ಕುರುಡಾದದ್ದು ಗೊತ್ತಾಗುತ್ತದೆ. ಸ್ಪೂಫ್ ಆದರೆ ಪರದೆಯ ಮೇಲೆ 18 ಉಪಗ್ರಹ, ಎಲ್ಲ ಹಸಿರು. ಆಗ ರಿಟರ್ನ್ ಟು ಹೋಮ್ ಒತ್ತಿದರೆ ಡ್ರೋನ್ ಪೂರ್ಣ ವಿಶ್ವಾಸದಿಂದ ತಪ್ಪು ಕಡೆಗೆ ಹೊರಡುತ್ತದೆ. 2016ರಲ್ಲಿ ಮಾಸ್ಕೊದ ಕ್ರೆಮ್ಲಿನ್ ಸುತ್ತ ಮೊಬೈಲುಗಳು ತಾವು ವ್ನುಕೊವೊ ವಿಮಾನ ನಿಲ್ದಾಣದಲ್ಲಿದ್ದೇವೆ ಎಂದು ತೋರಿಸತೊಡಗಿದ್ದು ಸುದ್ದಿಯಾಗಿತ್ತು. ವಿಮಾನ ನಿಲ್ದಾಣದ ಬಳಿ ಹಾರದಂತೆ ಡ್ರೋನ್‌ಗಳಲ್ಲಿ ನಿರ್ಬಂಧವಿರುತ್ತದಲ್ಲ, ಅದನ್ನೇ ಬಳಸಿಕೊಳ್ಳುವ ತಂತ್ರ ಎಂದು ಬಲ್ಲವರು ಅರ್ಥಮಾಡಿಕೊಂಡರು.

ಜಿಪಿಎಸ್ ಹೋದರೆ ‘ಇಳಿದುಬಿಡು’ ಎಂದು ಸೆಟ್ ಮಾಡಿದರಾಯಿತು ಎನ್ನುವವರಿದ್ದಾರೆ. 2018ರ ಅಕ್ಟೋಬರಿನಲ್ಲಿ ಹಾಂಗ್‌ಕಾಂಗ್‌ನ ಡ್ರೋನ್ ಪ್ರದರ್ಶನದಲ್ಲಿ ಜಾಮಿಂಗ್ ಆಗಿ 46 ಡ್ರೋನ್‌ಗಳು ಕೆಳಗೆ ಬಂದವು. ಕೆಳಗಿದ್ದದ್ದು ಸಮುದ್ರ. ನೆಲವಿದ್ದರೂ ಲೆಕ್ಕ ಅಷ್ಟು ಸುಲಭವಲ್ಲ. ಆರ್ಡುಪೈಲಟ್ ತಂತ್ರಾಂಶ ಹಾಕಿದ ಕ್ವಾಡ್‌ಕಾಪ್ಟರ್ ಸಾಮಾನ್ಯ ಸೆಟ್ಟಿಂಗಿನಲ್ಲಿ 10 ಮೀಟರ್‌ವರೆಗೆ ಸೆಕೆಂಡಿಗೆ 1.5 ಮೀಟರಿನಂತೆ, ಅಲ್ಲಿಂದ ಕೆಳಕ್ಕೆ ಅರ್ಧ ಮೀಟರಿನಂತೆ ಇಳಿಯುತ್ತದೆ. 60 ಮೀಟರಿನಿಂದ ನೆಲಕ್ಕೆ 53 ಸೆಕೆಂಡು. ಸೆಕೆಂಡಿಗೆ 5 ಮೀಟರ್ ಗಾಳಿ ಬೀಸುತ್ತಿದ್ದರೆ, ಅಂದರೆ ನಮ್ಮ ಬಯಲುಸೀಮೆಯ ಸಾಧಾರಣ ಮಧ್ಯಾಹ್ನದ ಗಾಳಿ, ಅದು ಇಳಿಯುವುದು ನೀವಂದುಕೊಂಡ ಜಾಗದಿಂದ 265 ಮೀಟರ್ ಆಚೆ. ನೆಟ್ಟಗೆ ನಿಂತ ಡ್ರೋನ್ ಗಾಳಿಯ ಜೊತೆಗೇ ಸಾಗುತ್ತದೆ.

2019ರ ಡಿಸೆಂಬರ್ 13ರಂದು ಇಂಗ್ಲೆಂಡಿನ ವಾಲ್ಸೆಂಡ್‌ನಲ್ಲಿ ಆದದ್ದೂ ಇದೇ. ಸರ್ವೆ ಮಾಡುತ್ತಿದ್ದ ಡಿಜೆಐ ಮ್ಯಾಟ್ರಿಸ್ 600 ಪ್ರೊ ಜಿಪಿಎಸ್–ಕಂಪಾಸ್ ದೋಷ ಕಂಡು ‘ಆಟಿ’ ಎಂಬ ಹಾರಾಟದ ಮೋಡ್‌ಗೆ ಇಳಿಯಿತು. ಈ ಮೋಡಿನಲ್ಲಿ ಡ್ರೋನ್ ತನ್ನ ಸಮತೋಲನ, ಎತ್ತರ ಕಾಯ್ದುಕೊಳ್ಳುತ್ತದೆ, ಜಾಗ ಹಿಡಿಯುವುದಿಲ್ಲ. ಗಾಳಿಯಲ್ಲಿ ತೇಲುತ್ತ ಹೋಗಿ ಮನೆಯೊಂದರ ಸೂರಿಗೆ ಬಡಿದು ಹಿತ್ತಲಿಗೆ ಬಿತ್ತು. ಯಂತ್ರ ಹೇಳಿಕೊಟ್ಟಂತೆಯೇ ನಡೆದುಕೊಂಡಿತ್ತು. ಆಟಿ ಮೋಡಿನಲ್ಲಿ ಕೈಯಿಂದ ಹಾರಿಸುವ ಅಭ್ಯಾಸ ಪೈಲಟ್‌ಗಳಿಗೆ ತಪ್ಪಿಹೋಗಿದೆ ಎಂಬ ಮಾತು ಆಮೇಲೆ ಜೋರಾಯಿತು. ಇದರಲ್ಲಿ ತಯಾರಕರ ಪಾಲೂ ಇದೆ: ಎಷ್ಟೋ ಮಾದರಿಗಳಲ್ಲಿ ಆಟಿ ಮೋಡಿಗೆ ಸ್ವಿಚ್ಚೇ ಇಲ್ಲ. ಅಭ್ಯಾಸಕ್ಕೆ ಸಿಗದ ಮೋಡು ಆಪತ್ತಿನಲ್ಲಿ ಮಾತ್ರ ತಾನಾಗಿ ಬಂದು ನಿಲ್ಲುತ್ತದೆ.

ಆ ಹೊತ್ತಿನಲ್ಲಿ ಕೈ ಮಾಡಬೇಕಾದ್ದು ಇಷ್ಟು. ರಿಟರ್ನ್ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತ ಸಮಯ ಕಳೆಯಬೇಡಿ. ಆಟಿ ಅಥವಾ ಆಲ್ಟ್‌ಹೋಲ್ಡ್ ಮೋಡಿನಲ್ಲಿ ಎತ್ತರ ಕಾಯ್ದುಕೊಳ್ಳಿ. ನಕ್ಷೆಯ ಮೇಲಿನ ಚುಕ್ಕೆ ಸುಳ್ಳಾಗಿರಬಹುದು. ಮೂತಿಯ ದಿಕ್ಕು ಕಂಪಾಸಿನಿಂದ ಬರುವುದರಿಂದ ಅದನ್ನು ಸಾಮಾನ್ಯವಾಗಿ ನಂಬಬಹುದು. ಹೊರಡುವಾಗ 70 ಡಿಗ್ರಿ ದಿಕ್ಕಿಗೆ ಹೋಗಿದ್ದರೆ ಮೂತಿಯನ್ನು 250ಕ್ಕೆ ತಿರುಗಿಸಿ ಸ್ಟಿಕ್ ಮುಂದೊತ್ತಿ. (ಹಾರಿಸುವ ಮುನ್ನ ಈ ಸಂಖ್ಯೆಯನ್ನು ಪೆನ್ನಿನಲ್ಲಿ ಬರೆದಿಟ್ಟುಕೊಳ್ಳುವವರನ್ನು ನೋಡಿ ನಗಬೇಡಿ.) ಈಗ ಕ್ಯಾಮೆರಾವನ್ನು ನೇರ ಕೆಳಕ್ಕೆ ಇಳಿಸಿ. ನೆಲ ಪರದೆಯಲ್ಲಿ ಮೇಲಿಂದ ಕೆಳಗೆ ಸರಿಯುತ್ತಿದ್ದರೆ ಮುಂದೆ ಸಾಗುತ್ತಿದ್ದೀರಿ. ಓರೆಯಾಗಿ ಸರಿಯುತ್ತಿದ್ದರೆ ಅಡ್ಡಗಾಳಿಯಿದೆ, ಅದಕ್ಕೆ ಎದುರಾಗಿ ವಾಲಿಸಬೇಕು. ನಿಂತಲ್ಲೇ ನಿಂತಿದ್ದರೆ ಎದುರುಗಾಳಿ ನಿಮ್ಮಷ್ಟೇ ಬಲವಾಗಿದೆ. ಮರ, ತಂತಿ ಇಲ್ಲದ ಕಡೆ 20–30 ಮೀಟರಿಗೆ ಇಳಿದರೆ ಗಾಳಿ ತಗ್ಗುತ್ತದೆ, ಆದರೆ ತೀರ ಕೆಳಗಿಳಿದರೆ ರೇಡಿಯೊ ಸಂಪರ್ಕ ಮರದ ಮರೆಗೆ ಸಿಕ್ಕಿ ಹೋಗುತ್ತದೆ. ಬ್ಯಾಟರಿ ಶೇ 30ಕ್ಕೆ ಬಂದರೂ ದಾರಿ ಸಾಗದಿದ್ದರೆ ಮನೆಯ ಆಸೆ ಬಿಟ್ಟು ಕಂಡ ಬಯಲಿಗೆ ಇಳಿಸಿ. ಹೊರಡುವಾಗಲೇ ಗಾಳಿಗೆ ಎದುರಾಗಿ ಹೋಗಿದ್ದರೆ ಈ ಪಾಡೇ ಇರುವುದಿಲ್ಲ.

ಇದೇ ಬುದ್ಧಿಯನ್ನು ತಂತ್ರಾಂಶಕ್ಕೆ ಕಲಿಸಿದವರು ಆರ್ಡುಪೈಲಟ್‌ನವರು. ರೆಕ್ಕೆಯ ವಿಮಾನಗಳಿಗೆ ಇದು ಸುಲಭ: ಗಾಳಿಗೆ ಹೋಲಿಸಿ ತನ್ನ ವೇಗ ಅಳೆಯುವ ಏರ್‌ಸ್ಪೀಡ್ ಸಂವೇದಕ ಮತ್ತು ಕಂಪಾಸಿನ ಜೊತೆಗೆ, ಜಿಪಿಎಸ್ ಇದ್ದಾಗ ಅಂದಾಜಿಸಿಟ್ಟ ಗಾಳಿಯ ವೇಗ ಸೇರಿಸಿ ಲೆಕ್ಕದ ಮೇಲೆ ಮರಳುತ್ತವೆ. ಕ್ವಾಡ್‌ಕಾಪ್ಟರಿಗೆ ಏರ್‌ಸ್ಪೀಡ್ ಸಂವೇದಕ ಇರುವುದಿಲ್ಲ. ಅದಕ್ಕೆಂದೇ ಬರೆದ ‘ಡೆಡ್‌ರೆಕನ್ ಹೋಮ್’ ಎಂಬ ಪುಟ್ಟ ಪ್ರೋಗ್ರಾಂ (ಲುವಾ ಸ್ಕ್ರಿಪ್ಟ್) ಇದೆ. ಉಪಗ್ರಹ ಸಾಕಷ್ಟು ಇಲ್ಲವೆಂದು ಕಂಡರೆ ಅದು ಮೊದಲು ಡ್ರೋನನ್ನು ಮಟ್ಟಸ ನಿಲ್ಲಿಸಿ, ಮನೆಯ ಕಡೆ ತಿರುಗಿಸಿ, 10 ಡಿಗ್ರಿ ವಾಲಿಸಿ ಹೊರಡಿಸುತ್ತದೆ. ಜಾಮರಿನ ವ್ಯಾಪ್ತಿ ದಾಟಿ ಜಿಪಿಎಸ್ ಮರಳಿದರೆ ಮಾಮೂಲಿ ರಿಟರ್ನ್ ಮೋಡು. ಮನೆ ಬಾಗಿಲಿಗೆ ತಲುಪಿಸುವುದು ಇದರ ಉದ್ದೇಶವಲ್ಲ, ಕುರುಡು ಪ್ರದೇಶದಿಂದ ಹೊರಗೆಳೆಯುವುದು ಮಾತ್ರ. 10 ಡಿಗ್ರಿಗೆ ನಿಮ್ಮ ಯಂತ್ರ ಎಷ್ಟು ವೇಗ ಪಡೆಯುತ್ತದೆ ಎಂದು ಗಾಳಿಯಿಲ್ಲದ ದಿನ ಅಳೆದಿಟ್ಟುಕೊಂಡರೆ, ಎಷ್ಟು ಗಾಳಿಯಲ್ಲಿ ಇದನ್ನು ನಂಬಬಹುದೆಂದು ತಿಳಿಯುತ್ತದೆ.

ಜಿಪಿಎಸ್ ಉಪಗ್ರಹವೇ ಇಲ್ಲದ ಕಡೆ ಹಾರಿದ ಯಂತ್ರವೆಂದರೆ ಮಂಗಳ ಗ್ರಹದಲ್ಲಿ ಹಾರಿದ ನಾಸಾದ ಪುಟ್ಟ ಹೆಲಿಕಾಪ್ಟರ್ ಇಂಜೆನ್ಯುಯಿಟಿ. ಕಪ್ಪುಬಿಳುಪು ಕ್ಯಾಮೆರಾ, ಲೇಸರ್ ಎತ್ತರಮಾಪಕ, ಜಡತ್ವ ಸಂವೇದಕ (ಗೈರೊ, ಆಕ್ಸಿಲರೊಮೀಟರ್), ಇಷ್ಟೇ ಅದರ ಬಂಡವಾಳ. 2021ರ ಮೇ 22ರ ಆರನೆಯ ಹಾರಾಟದಲ್ಲಿ 54ನೇ ಸೆಕೆಂಡಿನ ಹೊತ್ತಿಗೆ ಒಂದೇ ಒಂದು ಚಿತ್ರ ಕಳೆದುಹೋಯಿತು. ಆಮೇಲಿನ ಎಲ್ಲ ಚಿತ್ರಗಳಿಗೂ ತಪ್ಪು ಸಮಯದ ಮುದ್ರೆ ಬಿದ್ದು, ಇಲ್ಲದ ತಪ್ಪನ್ನು ತಿದ್ದಲು ಹೋಗಿ ಹೆಲಿಕಾಪ್ಟರ್ 20 ಡಿಗ್ರಿಗೂ ಹೆಚ್ಚು ಹೊಯ್ದಾಡಿತು. ಆದರೂ ಗುರಿಯಿಂದ ಸುಮಾರು 5 ಮೀಟರ್‌ನೊಳಗೆ ಇಳಿಯಿತು. ಕೊನೆಗೆ ಅದನ್ನು ಮುಗಿಸಿದ್ದು ನೆಲ. 2024ರ ಜನವರಿ 18ರಂದು 72ನೇ ಹಾರಾಟದಲ್ಲಿ ಕೆಳಗೆ ಬರೀ ಮರಳಲೆ, ಗುರುತು ಹಿಡಿಯಲು ಕಲ್ಲಿಲ್ಲ. ತನ್ನ ವೇಗ ತಪ್ಪಾಗಿ ತಿಳಿದು ಇಳಿಯುವಾಗ ರೆಕ್ಕೆಗಳು ಮುರಿದವು.

ಮಂಗಳದ ಮರಳಿಗೆ ಸಮನಾದ ನೆಲ ನಮ್ಮಲ್ಲೂ ಬೇಕಾದಷ್ಟಿದೆ. ಕೆರೆಯ ನೀರು, ಗಾಳಿಗೆ ಅಲೆಯಾಡುವ ಭತ್ತದ ಗದ್ದೆ, ಔಷಧಿ ಹೊಡೆಯುವ ಡ್ರೋನಿನ ಗಾಳಿಗೇ ಮಲಗುವ ಪೈರು: ನೆಲವೇ ಚಲಿಸಿದರೆ ಕ್ಯಾಮೆರಾ ತಾನೇ ಚಲಿಸಿದೆ ಎಂದುಕೊಳ್ಳುತ್ತದೆ. 2024ರ ಡಿಜೆಐ ಏರ್ 3ಎಸ್‌ನಂಥವು ಹೋದ ದಾರಿಯನ್ನು ಕಣ್ಣಿನಿಂದ ನೆನಪಿಟ್ಟು ಉಪಗ್ರಹವಿಲ್ಲದೆ ಮರಳಬಲ್ಲವು, ಆದರೆ ಬೆಳಕು ಸಾಕಷ್ಟಿರಬೇಕು. ಕಾಂತೀಯ ಸಮಭಾಜಕ ದಕ್ಷಿಣ ಭಾರತದ ತುದಿಯಲ್ಲೇ ಹಾಯುವುದರಿಂದ, ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನ ತಿಂಗಳಲ್ಲಿ ಸೂರ್ಯಾಸ್ತದ ನಂತರ ಮೇಲಿನ ವಾತಾವರಣದ ವಿದ್ಯುದಾವೇಶದ ಪದರ, ಅಂದರೆ ಅಯಾನುಮಂಡಲ, ಕದಡಿ ಜಿಪಿಎಸ್ ತಾನಾಗಿಯೇ ತಡವರಿಸುವುದುಂಟು. ಕ್ಯಾಮೆರಾ ಕುರುಡಾಗುವ ಹೊತ್ತೂ ಅದೇ. ಗಡಿಯ ಅಮೃತಸರ, ಜಮ್ಮು ಪ್ರದೇಶದಲ್ಲಿ ಕಾರಣ ಬೇರೆ: 2023ರ ನವೆಂಬರಿನಿಂದ 2025ರ ಫೆಬ್ರುವರಿವರೆಗೆ ವಿಮಾನಗಳಿಗೆ 465 ಬಾರಿ ಜಿಪಿಎಸ್ ಅಡಚಣೆಯಾಗಿದೆ ಎಂದು ಸರ್ಕಾರ ಲೋಕಸಭೆಗೆ ತಿಳಿಸಿತ್ತು. ಭಾರತದ್ದೇ ಆದ ಜಿಪಿಎಸ್‌ನಂಥ ವ್ಯವಸ್ಥೆ, ಇಸ್ರೊದ ನಾವಿಕ್, 1176.45 ಮೆಗಾಹರ್ಟ್ಸ್‌ನಲ್ಲೂ ಎಸ್ ಬ್ಯಾಂಡ್ ಎಂಬ ಬೇರೆ ಆವರ್ತನದಲ್ಲೂ ಸಿಗ್ನಲ್ ಕೊಡುತ್ತದೆ. ಒಂದೇ ಆವರ್ತನದ ಅಗ್ಗದ ಜಾಮರ್ ಎದುರು ಎರಡು ಆವರ್ತನ ಓದುವ ರಿಸೀವರ್ ಉಳಿಯುವ ಸಂಭವ ಹೆಚ್ಚು. ಎಲ್ಲ ಬ್ಯಾಂಡನ್ನೂ ಮುಚ್ಚುವ ಸೈನಿಕ ಜಾಮರ್ ಮುಂದೆ ಅದೂ ನಿಲ್ಲದು.

ಪರೀಕ್ಷಿಸುವುದು ಕಷ್ಟವೇನಲ್ಲ. ಆರ್ಡುಪೈಲಟ್‌ನಲ್ಲಿ ರಿಮೋಟಿನ ಬಿಡುವಿರುವ ಒಂದು ಸ್ವಿಚ್ಚಿಗೆ 65ನೇ ಆಯ್ಕೆ ಕೊಟ್ಟರೆ ಅದು ಜಿಪಿಎಸ್ ಬಂದ್ ಮಾಡುವ ಸ್ವಿಚ್ಚು. ಜನರಿಲ್ಲದ ಬಯಲಲ್ಲಿ, ಬೆಳಗಿನ ತಂಗಾಳಿಯಲ್ಲಿ, 30 ಮೀಟರ್ ಮೇಲೆ ಕಣ್ಣಳತೆಯಲ್ಲೇ ಇರುವಾಗ ಅದನ್ನು ಒತ್ತಿ ಒಂದು ನಿಮಿಷ ಕೈಯಿಂದ ಹಾರಿಸಿ, ಮತ್ತೆ ಹಾಕಿ. ಆಮೇಲೆ ಹಾರಾಟದ ದಾಖಲೆ (ಲಾಗ್) ತೆರೆದು ಜಿಪಿಎಸ್ ಮರಳಿದ ಕ್ಷಣವನ್ನು ಹುಡುಕಿ. ಅಲ್ಲಿ ಡ್ರೋನಿನ ಸ್ಥಾನ ತಟ್ಟನೆ ಎಷ್ಟು ಮೀಟರ್ ಜಿಗಿದಿದೆಯೋ, ಆ ಒಂದು ನಿಮಿಷದಲ್ಲಿ ಅದು ತನ್ನ ಜಾಗವನ್ನು ಅಷ್ಟು ತಪ್ಪಾಗಿ ತಿಳಿದಿತ್ತು.